‘ಅನಿಮಲ್’ ಅಂದರೆ ಯಾವುದೆಲ್ಲ? ಹೋಂವರ್ಕ್‌ನಿಂದ ಅರ್ಜಿಯವರೆಗೆ ಒಂದು ಬಳಕೆ ಮಾರ್ಗದರ್ಶಿ

“ಹಕ್ಕಿ ಅನಿಮಲ್ ಹೌದೋ ಅಲ್ವೋ?” ಹಾಸನ, ಚಿಕ್ಕಮಗಳೂರು ಕಡೆಯ ಓದುಗರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕೇಳುವವರು ಮಾತ್ರ ಬೇರೆ ಬೇರೆ. ಮಗುವಿನ ಹೋಂವರ್ಕ್ ಮುಂದಿಟ್ಟುಕೊಂಡ ಅಮ್ಮಂದಿರು ಕೇಳುತ್ತಾರೆ. ಮೂಡಿಗೆರೆ ಕಡೆ ಹೋಂಸ್ಟೇ ನಡೆಸುವವರು ಕೇಳುತ್ತಾರೆ. ಹಸುವಿನ ವಿಮೆ ಅರ್ಜಿ ತುಂಬಲು ಕೂತವರು, ತೋಟಕ್ಕೆ ಆನೆ ನುಗ್ಗಿದ ಮೇಲೆ ದೂರು ಬರೆಯುವವರು ಕೇಳುತ್ತಾರೆ. ಎಲ್ಲರಿಗೂ ಒಂದೇ ಉತ್ತರ ಕೊಟ್ಟರೆ ಯಾರಿಗಾದರೂ ಅದು ತಪ್ಪಾಗಿಯೇ ಆಗುತ್ತದೆ. ಯಾಕೆಂದರೆ ಈ ಪದದ ಬೇಲಿ ಒಂದೇ ಕಡೆ ನಿಂತಿಲ್ಲ. ಸಂದರ್ಭ ಬದಲಾದ ಹಾಗೆ ಅದು ಹಿಂದಕ್ಕೂ ಮುಂದಕ್ಕೂ ಸರಿಯುತ್ತದೆ.

ಈ ಲೇಖನಕ್ಕೆ ನಿಮ್ಮ ಹತ್ತಿರ ಜಾಸ್ತಿ ಏನೂ ಬೇಕಿಲ್ಲ. ಒಂದು ನೋಟ್‌ಬುಕ್ಕು. ಇಂಗ್ಲಿಷ್ ಪದಕ್ಕೆ ಇಂಗ್ಲಿಷಿನಲ್ಲೇ ಅರ್ಥ ಕೊಡುವ, ಕಲಿಯುವವರಿಗಾಗಿ ಮಾಡಿದ ಒಂದು ನಿಘಂಟು. ಅದು ಮೊಬೈಲಿನಲ್ಲಿದ್ದರೂ ಸರಿ. ಇಂಗ್ಲಿಷ್–ಕನ್ನಡ ನಿಘಂಟು ಒಂದೇ ಇದ್ದರೆ ಸಾಲದು. ಅದರಲ್ಲಿ ‘ಪ್ರಾಣಿ, ಮೃಗ, ಪಶು’ ಅಂತ ಮೂರು ಪದ ಸಾಲಾಗಿ ಸಿಗುತ್ತವೆ, ಯಾವುದು ಯಾವಾಗ ಅನ್ನುವುದು ಸಿಗುವುದಿಲ್ಲ.

ಹಂತ 1: ಮೂರು ಬೇಲಿಗಳನ್ನು ಗುರುತಿಸಿ

ಮೊದಲನೆಯದು ದೊಡ್ಡ ಬೇಲಿ, ವಿಜ್ಞಾನದ್ದು. ಅದರೊಳಗೆ ಆನೆ, ಕಾಗೆ, ಮೀನು, ಹಾವು, ಕಪ್ಪೆ, ಜೇನುಹುಳ, ಎರೆಹುಳು, ಇಂಬಳ ಎಲ್ಲ ಇವೆ. ನೀವೂ ಇದ್ದೀರಿ, ನಾನೂ ಇದ್ದೇನೆ.

ಎರಡನೆಯದು ನಡುವಿನ ಬೇಲಿ. ಮನುಷ್ಯನೊಬ್ಬನನ್ನು ಹೊರಗಿಟ್ಟು ಉಳಿದದ್ದೆಲ್ಲ ಇದರೊಳಗೆ. ಕಾನೂನು ಹೆಚ್ಚಾಗಿ ಇದನ್ನೇ ಹಿಡಿಯುತ್ತದೆ. ಹೊಸ ಔಷಧ ಪರೀಕ್ಷಿಸುವವರ ಬಾಯಲ್ಲಿ ಬರುವುದೂ ಇದೇ.

ಮೂರನೆಯದು ಚಿಕ್ಕದು, ದಿನದ ಮಾತಿನದು. ಮೈಮೇಲೆ ಕೂದಲಿರುವ, ನಾಲ್ಕು ಕಾಲಿನ, ಮರಿಗೆ ಹಾಲೂಡಿಸುವ ಜೀವಗಳು ಇದರೊಳಗೆ. ‘ಅನಿಮಲ್ಸ್ ಅಂಡ್ ಬರ್ಡ್ಸ್’ ಅಂತ ಯಾರಾದರೂ ಅಂದರೆ ಅವರ ತಲೆಯಲ್ಲಿರುವುದು ಈ ಚಿಕ್ಕ ಬೇಲಿ.

ಇದರಲ್ಲಿ ಇಂಗ್ಲಿಷಿನದೇ ವಿಚಿತ್ರ ಅಂತ ಏನೂ ಇಲ್ಲ. ನಾವೂ ‘ಪ್ರಾಣಿ ಪಕ್ಷಿ’ ಅನ್ನುತ್ತೇವೆ, ಪ್ರಾಣಿಶಾಸ್ತ್ರದ ಪುಸ್ತಕ ತೆರೆದರೆ ಅದರಲ್ಲಿ ಪಕ್ಷಿಯೂ ಇರುತ್ತದೆ. ಹುಟ್ಟಿನಲ್ಲೂ ಎರಡು ಪದಗಳು ಹತ್ತಿರವೇ. ‘ಅನಿಮಲ್’ ಬಂದದ್ದು ಉಸಿರು ಅನ್ನುವ ಅರ್ಥದ ಲ್ಯಾಟಿನ್ ಪದ ‘ಅನಿಮಾ’ದಿಂದ. ‘ಪ್ರಾಣಿ’ ಬಂದದ್ದು ‘ಪ್ರಾಣ’ದಿಂದ.

ಈಗ ನೋಟ್‌ಬುಕ್ಕಿನಲ್ಲಿ ಒಂದರೊಳಗೊಂದು ಮೂರು ವೃತ್ತ ಬರೆಯಿರಿ. ಈ ಪದ ಎಲ್ಲಿ ಕಂಡರೂ ಯಾವ ವೃತ್ತ ಅಂತ ಮೊದಲು ಗುರುತು ಹಾಕಿ, ಆಮೇಲೆ ಮುಂದಕ್ಕೆ ಹೋಗಿ.

ಹಂತ 2: ಪರೀಕ್ಷೆಯಲ್ಲಿ ದೊಡ್ಡ ಬೇಲಿಯನ್ನೇ ಹಿಡಿಯಿರಿ

ವಿಜ್ಞಾನದ ಪಾಠದಲ್ಲಿ ಹಕ್ಕಿ, ಮೀನು, ಜೇಡ, ಇರುವೆ ಎಲ್ಲವೂ ಅನಿಮಲ್. ಇಲ್ಲಿ ಅನುಮಾನವೇ ಬೇಡ. ಒಂದು ಜೀವಿ ಅನಿಮಲ್ ಹೌದಾ ಅಂತ ನೋಡಲು ಶಾಲೆಯ ಮಟ್ಟಕ್ಕೆ ಮೂರು ಪ್ರಶ್ನೆ ಸಾಕು. ಮೈ ಹಲವು ಜೀವಕೋಶಗಳಿಂದ ಆಗಿದೆಯಾ? ಆ ಕೋಶಗಳಿಗೆ ಗಿಡದ ಕೋಶದ ಹಾಗೆ ಗಟ್ಟಿ ಗೋಡೆ ಇಲ್ಲವಾ? ತನ್ನ ಅನ್ನ ತಾನೇ ತಯಾರಿಸದೆ ಬೇರೆ ಜೀವಿಯನ್ನೋ ಅದರಿಂದ ಬಂದದ್ದನ್ನೋ ತಿಂದು ಬದುಕುತ್ತದಾ? ಮೂರಕ್ಕೂ ಹೌದು ಅಂದರೆ ಅದು ಅನಿಮಲ್. ಬ್ಯಾಕ್ಟೀರಿಯಾ ಮೊದಲ ಪ್ರಶ್ನೆಯಲ್ಲೇ ಬಿದ್ದುಹೋಗುತ್ತದೆ. ಅಣಬೆ ಎರಡನೆಯದರಲ್ಲಿ ಬೀಳುತ್ತದೆ. ಅಣಬೆ ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ. ಅದಕ್ಕೆ ಶಿಲೀಂಧ್ರ ಅಂತ ಬೇರೆ ಗುಂಪೇ ಇದೆ. 1969ರಲ್ಲಿ ವಿಟ್ಟೇಕರ್ ಎಂಬ ವಿಜ್ಞಾನಿ ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿದ್ದು ಮಕ್ಕಳ ಪಠ್ಯದಲ್ಲೂ ಬರುತ್ತದೆ.

ನಮ್ಮ ಊರಿನ ಮಕ್ಕಳಿಗೆ ಇದನ್ನು ಹೇಳಿಕೊಡಲು ಸಿಂಹ, ಜಿರಾಫೆ ಬೇಕಿಲ್ಲ. ತೋಟದಲ್ಲೇ ಒಳ್ಳೆ ಉದಾಹರಣೆಗಳಿವೆ. ಅರೇಬಿಕಾ ಕಾಫಿ ಗಿಡವನ್ನು ಒಳಗಿನಿಂದ ತಿಂದು ಒಣಗಿಸುವ ಬಿಳಿ ಕಾಂಡಕೊರಕ ಒಂದು ದುಂಬಿ, ಆದ್ದರಿಂದ ಅನಿಮಲ್. ಅದೇ ಗಿಡದ ಎಲೆಯ ಅಡಿಯಲ್ಲಿ ಕಿತ್ತಳೆ ಪುಡಿ ಉದುರಿಸಿದ ಹಾಗೆ ಕಾಣುವ ತುಕ್ಕು ರೋಗ ಶಿಲೀಂಧ್ರದ್ದು, ಅನಿಮಲ್ ಅಲ್ಲ. ಅರಸೀಕೆರೆ ಕಡೆ ತೆಂಗಿಗೆ ಬರುವ ನುಸಿ ಬಾಧೆಯನ್ನು ನಾವು ‘ನುಸಿ ರೋಗ’ ಅಂತೀವಿ. ಆದರೆ ನುಸಿ ಜೇಡದ ದೂರದ ನೆಂಟ. ಹಾಗಾಗಿ ಅದೂ ಅನಿಮಲ್. ಹಾಸನದ ಆಲೂಗಡ್ಡೆ ಬೆಳೆಗಾರರನ್ನು ಕಾಡುವ ಅಂಗಮಾರಿಯ ಹಿಂದಿರುವ ಜೀವಿ ಶಿಲೀಂಧ್ರದಂತೆ ಕಂಡರೂ ಅದರ ಗುಂಪು ಬೇರೆ. ಅದಂತೂ ಅನಿಮಲ್ ಅಲ್ಲವೇ ಅಲ್ಲ. ಕಾಫಿ ತೋಟಕ್ಕೆ ಕಾಟ ಕೊಡುವ ಆಫ್ರಿಕನ್ ಬಸವನಹುಳುವಿನ ಹೆಸರಲ್ಲಿ ‘ಹುಳು’ ಇದೆ, ಆದರೆ ಅದು ಕೀಟವಲ್ಲ, ಮೃದ್ವಂಗಿ. ಅಂದರೆ ಮೆತ್ತನೆ ಮೈಯ, ಹೆಚ್ಚಾಗಿ ಚಿಪ್ಪಿರುವ ಪ್ರಾಣಿ.

ಇದು ಬರೀ ಪರೀಕ್ಷೆಯ ಮಾತಲ್ಲ. ಔಷಧದ ಅಂಗಡಿಯಲ್ಲಿ ಕೀಟನಾಶಕ ಬೇರೆ, ನುಸಿನಾಶಕ ಬೇರೆ, ಶಿಲೀಂಧ್ರನಾಶಕ ಬೇರೆ. ಕಾಟ ಕೊಡುತ್ತಿರುವುದು ಯಾವ ಗುಂಪಿನದು ಅಂತ ತಿಳಿಯದೆ ಡಬ್ಬಿ ತಂದರೆ ದುಡ್ಡು ಸುಮ್ನೆ ಮಣ್ಣಿಗೆ ಹೋಗುತ್ತದೆ.

ಮಕ್ಕಳು ಜಾರುವ ಜಾಗ ಇನ್ನೊಂದಿದೆ. ಅನಿಮಲ್ ಅಂದರೆ ಬೆನ್ನುಮೂಳೆ ಇರಬೇಕು ಅಂದುಕೊಳ್ಳುತ್ತಾರೆ. ನಿಜ ಉಲ್ಟಾ. ಗುರುತಿಸಿರುವ ಪ್ರಾಣಿ ಜಾತಿಗಳಲ್ಲಿ ಶೇ 95ಕ್ಕಿಂತ ಹೆಚ್ಚಿನವಕ್ಕೆ ಬೆನ್ನುಮೂಳೆಯೇ ಇಲ್ಲ. ಮಳೆಗಾಲದಲ್ಲಿ ಚಾರ್ಮಾಡಿ ಕಡೆ ಕಾಲಿಗೆ ಹತ್ತುವ ಇಂಬಳವೂ ಅದೇ ದೊಡ್ಡ ಗುಂಪಿಗೆ ಸೇರಿದ್ದು.

ಹಂತ 3: ಅತಿಥಿಗಳ ಜೊತೆ ಮಾತಾಡುವಾಗ ಚಿಕ್ಕ ಬೇಲಿಗೆ ಬನ್ನಿ, ಹೆಸರು ಮಾತ್ರ ಸರಿಯಾಗಿ ಹೇಳಿ

ಹೋಂಸ್ಟೇಗೆ ಬಂದವರು “ಆರ್ ದೇರ್ ಅನಿಮಲ್ಸ್ ಹಿಯರ್?” ಅಂತ ಕೇಳಿದರೆ ಅವರು ಇರುವೆ, ಇಂಬಳದ ಲೆಕ್ಕ ಕೇಳುತ್ತಿಲ್ಲ. ಆನೆ, ಕಾಟಿ, ಚಿರತೆ ಬಗ್ಗೆ ಕೇಳುತ್ತಿದ್ದಾರೆ. ಸಂಜೆ ತೋಟದಲ್ಲಿ ತಿರುಗಬಹುದಾ ಅನ್ನುವುದು ಆ ಪ್ರಶ್ನೆಯ ಒಳಗಿದೆ. ಹಾಗಾಗಿ ‘ಎಸ್, ಮೆನಿ ಅನಿಮಲ್ಸ್’ ಅಂತ ನಗುತ್ತಾ ಹೇಳಿ ಸುಮ್ಮನಾಗಬೇಡಿ. ಹೆಸರು ಹೇಳಿ, ಹೊತ್ತು ಹೇಳಿ, ಎಲ್ಲಿಯವರೆಗೆ ಹೋಗಬಹುದು ಹೇಳಿ. ಇಂಬಳದ ವಿಷಯವನ್ನು ಬೇರೆಯಾಗಿ ‘ಲೀಚ್’ ಅಂತ ಹೇಳಿಬಿಡಿ.

ಹೆಸರುಗಳಲ್ಲೇ ಎಡವುವುದು ಜಾಸ್ತಿ. ಕೆಳಗಿನವನ್ನು ನೋಟ್‌ಬುಕ್ಕಿಗೆ ಬರೆದುಕೊಳ್ಳಿ.

ಚಿರತೆ ಅಂದರೆ ಲೆಪರ್ಡ್. ಚೀತಾ ಅಲ್ಲ. ಕಿವಿಗೆ ‘ಚಿರತೆ’ ಮತ್ತು ‘ಚೀತಾ’ ಹತ್ತಿರ ಕೇಳುವುದರಿಂದ ಇದು ಅತಿ ಹೆಚ್ಚು ಆಗುವ ತಪ್ಪು. ಚೀತಾ ಭಾರತದಿಂದ ಅಳಿದುಹೋಗಿದೆ ಎಂದು 1952ರಲ್ಲೇ ಘೋಷಿಸಲಾಗಿತ್ತು. 2022ರ ಸೆಪ್ಟೆಂಬರಿನಲ್ಲಿ ನಮೀಬಿಯಾದಿಂದ ತಂದು ಬಿಟ್ಟದ್ದು ಮಧ್ಯಪ್ರದೇಶದ ಕುನೋದಲ್ಲಿ. ನಿಮ್ಮ ತೋಟದ ಬಂಡೆಯ ಮೇಲೆ ಕೂತದ್ದು ಚೀತಾ ಅಂತ ಹೇಳಿದರೆ ತಿಳಿದ ಅತಿಥಿ ನಕ್ಕುಬಿಡುತ್ತಾರೆ.

ಕಾಟಿ, ಕಾಡುಕೋಣ, ಕಾಡೆಮ್ಮೆ ಎಲ್ಲಕ್ಕೂ ಸರಿಯಾದ ಇಂಗ್ಲಿಷ್ ಹೆಸರು ‘ಗೌರ್’. ಎಸ್ಟೇಟಿನವರ ಬಾಯಲ್ಲಿ ಹಳೆ ಕಾಲದಿಂದ ‘ಬೈಸನ್’ ಇದೆ, ‘ಇಂಡಿಯನ್ ಬೈಸನ್’ ಅಂದರೂ ಅರ್ಥವಾಗುತ್ತದೆ. ಆದರೆ ‘ವೈಲ್ಡ್ ಬಫಲೋ’ ಅನ್ನಬೇಡಿ. ಅದು ಅಸ್ಸಾಂ, ಛತ್ತೀಸಗಢದಲ್ಲಿರುವ ಬೇರೆಯೇ ಪ್ರಾಣಿ.

ಕಾಡುಕುರಿಯನ್ನು ಪದಕ್ಕೆ ಪದ ಇಟ್ಟು ‘ವೈಲ್ಡ್ ಶೀಪ್’ ಮಾಡಬೇಡಿ. ಅದು ಜಿಂಕೆಯ ಜಾತಿ, ನಾಯಿ ಬೊಗಳಿದ ಹಾಗೆ ಕೂಗುವುದರಿಂದ ‘ಬಾರ್ಕಿಂಗ್ ಡಿಯರ್’. ಮುಳ್ಳುಹಂದಿ ಕೂಡ ಹಂದಿಯಲ್ಲ, ‘ಪೋರ್ಕ್ಯುಪೈನ್’. ನೀರುನಾಯಿ ‘ಆಟರ್’. ಸೀಳುನಾಯಿ ‘ಢೋಲ್’, ಬೀದಿನಾಯಿ ಕಾಡು ಸೇರಿದ್ದಲ್ಲ. ಪುನುಗು ಬೆಕ್ಕು ‘ಸಿವೆಟ್’, ಬೆಕ್ಕಿನ ಕುಟುಂಬದ್ದಲ್ಲ. ಕುದುರೆಮುಖದ ಕಾಡಿನ ಸಿಂಗಳೀಕವನ್ನು ‘ಲಯನ್ ಟೇಲ್ಡ್ ಮಕಾಕ್’ ಅನ್ನುತ್ತಾರೆ. ಸಿಂಹಕ್ಕೂ ಅದಕ್ಕೂ ಸಂಬಂಧ ಬಾಲದ ತುದಿಯ ಕುಚ್ಚಿನಷ್ಟೇ.

ಆನೆಯಲ್ಲಿ ಸ್ವಲ್ಪ ಎಚ್ಚರ ಬೇಕು. ‘ಟಸ್ಕರ್’ ಅಂದರೆ ದೊಡ್ಡ ದಂತ ಇರುವ ಆನೆ. ದಂತ ಬೆಳೆಯದ ಗಂಡಾನೆಗೆ ‘ಮಖ್ನಾ’ ಅನ್ನುತ್ತಾರೆ, ಪೇಪರಿನಲ್ಲಿ ಈ ಪದ ನೋಡಿರುತ್ತೀರಿ. ಒಂಟಿ ಸಲಗ ‘ಲೋನ್ ಟಸ್ಕರ್’. ಗುಂಪಿಗೆ ‘ಹರ್ಡ್’. ಸಕಲೇಶಪುರ, ಆಲೂರು, ಬೇಲೂರು ಕಡೆಯವರಿಗೆ ಒಂಟಿಯೋ ಗುಂಪೋ ಅನ್ನುವುದು ಎಷ್ಟು ಮುಖ್ಯ ಅಂತ ನಾನು ಹೇಳಬೇಕಿಲ್ಲ. ಅತಿಥಿಗೆ ಅದನ್ನು ಸರಿಯಾಗಿ ಹೇಳಲು ಈ ಎರಡು ಪದ ಬಾಯಿಗೆ ಬರಬೇಕು.

ಹಾವಿಗೆ ‘ಪಾಯ್ಸನಸ್’ ಅನ್ನುವುದು ರೂಢಿಯಲ್ಲಿದೆ, ಆದರೆ ಸರಿಯಾದ ಪದ ‘ವೆನಮಸ್’. ಕಚ್ಚಿ, ಚುಚ್ಚಿ ವಿಷ ಏರಿಸುವುದು ವೆನಮಸ್. ನಾವು ತಿಂದರೆ ವಿಷವಾಗುವುದು ಪಾಯ್ಸನಸ್. ಕಾಳಿಂಗ ‘ಕಿಂಗ್ ಕೋಬ್ರಾ’, ನಾಗರಹಾವು ಬರೀ ‘ಕೋಬ್ರಾ’. ಎರಡೂ ಒಂದಲ್ಲ.

ಭದ್ರಾ ಕಾಡಿಗೆ ಸಫಾರಿ ಹೋಗುವವರಿಗೆ ‘ಯೂ ವಿಲ್ ಸೀ ಅನಿಮಲ್ಸ್’ ಅಂತ ಮಾತು ಕೊಡಬೇಡಿ. 1998ರಿಂದ ಅದು ಹುಲಿ ಸಂರಕ್ಷಿತ ಪ್ರದೇಶ ನಿಜ. ಆದರೂ ಮುತ್ತೋಡಿಗೆ ಹೋದವರೆಲ್ಲ ಹುಲಿ ನೋಡಿ ಬರುವುದಿಲ್ಲ. ‘ಯೂ ಮೇ ಸೀ’ ಅನ್ನಿ. ‘ವಿಲ್’ ಅಂದರೆ ಗ್ಯಾರಂಟಿ, ‘ಮೇ’ ಅಂದರೆ ಅದೃಷ್ಟ.

ಹಂತ 4: ಕೊಟ್ಟಿಗೆಯ ಪದಗಳನ್ನು ಬೇರೆ ಇಡಿ

ಕೊಟ್ಟಿಗೆಗೆ ಬಂದರೆ ‘ಅನಿಮಲ್’ ತುಂಬಾ ಅಗಲವಾದ ಪದ. ಸಾಲ, ವಿಮೆ, ಇಲಾಖೆಯ ಯೋಜನೆ ಯಾವುದೇ ಇರಲಿ, ಅಲ್ಲಿ ಬೇಕಾಗುವುದು ಇನ್ನೂ ಕಿರಿದಾದ ಪದಗಳು.

‘ಲೈವ್‌ಸ್ಟಾಕ್’ ಅಂದರೆ ಸಾಕಿದ ಎಲ್ಲ ಜಾನುವಾರು. ದನ, ಎಮ್ಮೆ, ಕುರಿ, ಮೇಕೆ, ಹಂದಿ ಎಲ್ಲ ಸೇರುತ್ತವೆ. ‘ಕ್ಯಾಟಲ್’ ಅಂದರೆ ದನ ಮಾತ್ರ, ಅಂದರೆ ಹಸು, ಹೋರಿ, ಎತ್ತು, ಕರು. ಊರಿನ ಮಾತಿನಲ್ಲಿ ಎಮ್ಮೆಯನ್ನೂ ಅದಕ್ಕೆ ಸೇರಿಸುತ್ತಾರೆ. ಆದರೆ ಜಾನುವಾರು ಗಣತಿಯಲ್ಲಿ ಕ್ಯಾಟಲ್ ಮತ್ತು ಬಫಲೋ ಬೇರೆ ಬೇರೆ ಲೆಕ್ಕ. ಫಾರ್ಮಿನಲ್ಲಿ ಎರಡೂ ಕಾಲಂ ಇದ್ದರೆ ಎಮ್ಮೆಯನ್ನು ಕ್ಯಾಟಲ್ ಕೆಳಗೆ ಬರೆಯಬೇಡಿ. ‘ಪೌಲ್ಟ್ರಿ’ ಅಂದರೆ ಕೋಳಿ, ಬಾತುಕೋಳಿ ಮುಂತಾದ ಸಾಕುಹಕ್ಕಿ. ‘ಪೆಟ್’ ಅಂದರೆ ಮನೆಯಲ್ಲಿ ಪ್ರೀತಿಗೆ ಸಾಕಿದ್ದು. ಹಾಲು ಕರೆಯುವ ಹಸುವನ್ನು ನೀವು ಎಷ್ಟೇ ಮುದ್ದು ಮಾಡಿದರೂ ಫಾರ್ಮಿನಲ್ಲಿ ಅದು ಪೆಟ್ ಅಲ್ಲ.

ಒಂದೊಂದು ಹೆಸರೂ ಹೀಗಿದೆ: ಹಸು ‘ಕೌ’, ಹೋರಿ ‘ಬುಲ್’, ಬೀಜ ಒಡೆಸಿದ ಎತ್ತು ‘ಬುಲಕ್’, ಇನ್ನೂ ಕರು ಹಾಕದ ಕಡಸು ‘ಹೈಫರ್’, ಕರು ‘ಕಾಫ್’. ಅಜ್ಜಂಪುರದ ಅಮೃತಮಹಲ್ ಕಾವಲಿನ ದನ ನೋಡಲು ಹೊರಗಿನವರು ಬಂದರೆ ಈ ಪದಗಳು ಅಲ್ಲೂ ಬೇಕಾಗುತ್ತವೆ. ಹೈದರ್, ಟಿಪ್ಪು ಕಾಲದಲ್ಲಿ ಸೈನ್ಯದ ಸಾಮಾನು ಎಳೆದ ತಳಿ ಅದು. ಎಳೆಯುವ, ಉಳುವ ಕೆಲಸದ ತಳಿಗೆ ಇಂಗ್ಲಿಷಿನಲ್ಲಿ ‘ಡ್ರಾಫ್ಟ್ ಬ್ರೀಡ್’ ಅನ್ನುತ್ತಾರೆ. ಹಾಲಿನ ತಳಿಗೆ ‘ಮಿಲ್ಚ್ ಬ್ರೀಡ್’.

ವಿಮೆ ಫಾರ್ಮಿನಲ್ಲಿ ಕಾಡುವ ಪದಗಳಿಗೆ ನಮ್ಮ ಕೊಟ್ಟಿಗೆಯಲ್ಲೇ ಒಳ್ಳೆ ಕನ್ನಡ ಇದೆ. ‘ಇನ್ ಮಿಲ್ಕ್’ ಅಂದರೆ ಈಗ ಹಾಲು ಕೊಡುತ್ತಿರುವ ಹಸು. ‘ಡ್ರೈ’ ಅಂದರೆ ಹಾಲು ಬತ್ತಿದ್ದು. ‘ಪ್ರೆಗ್ನೆಂಟ್’ ಅಂದರೆ ಗಬ್ಬದ ಹಸು. ‘ಲ್ಯಾಕ್ಟೇಶನ್ ನಂಬರ್’ ಅಂದರೆ ಎಷ್ಟನೇ ಸೂಲು. ಇಲ್ಲಿ ಜೋಪಾನ: ‘ಡ್ರೈ’ ಬೇರೆ, ‘ಬ್ಯಾರನ್’ ಬೇರೆ. ಬ್ಯಾರನ್ ಅಂದರೆ ಗೊಡ್ಡು. ಮುಂದಿನ ಸೂಲಿಗೆ ಮುಂಚೆ ಹಾಲು ನಿಲ್ಲಿಸಿದ ಒಳ್ಳೆ ಹಸುವನ್ನು ಬ್ಯಾರನ್ ಅಂತ ಬರೆದುಬಿಟ್ಟರೆ ಅದರ ಬೆಲೆಯೇ ಬಿದ್ದುಹೋಗುತ್ತದೆ.

‘ಅನಿಮಲ್ ಐಡಿ’ ಅಥವಾ ‘ಟ್ಯಾಗ್ ನಂಬರ್’ ಅಂತ ಕೇಳಿದ್ದರೆ ಕಿವಿಗೆ ಹಾಕಿರುವ ಹಳದಿ ಓಲೆ ನೋಡಿ. ಅದರಲ್ಲಿ 12 ಅಂಕಿ ಇರುತ್ತವೆ. ನೆನಪಿನಿಂದ ಬರೆಯಬೇಡಿ, ಫೋಟೋ ತೆಗೆದು ನೋಡಿಕೊಂಡು ಬರೆಯಿರಿ. ಓಲೆ ಬಿದ್ದುಹೋಗಿದ್ದರೆ ಮೊದಲು ಪಶು ಆಸ್ಪತ್ರೆಗೆ ಹೇಳಿ.

‘ಅನಿಮಲ್ ಹಸ್ಬೆಂಡ್ರಿ’ ನೋಡಿ ಗಾಬರಿಯಾಗಬೇಡಿ. ಗಂಡನಿಗೂ ಅದಕ್ಕೂ ಈಗ ಸಂಬಂಧವಿಲ್ಲ. ಅದು ಪಶುಪಾಲನೆ.

ಹಂತ 5: ದೂರು, ಅರ್ಜಿ, ಆಸ್ಪತ್ರೆಯಲ್ಲಿ ಪ್ರಾಣಿಯ ಹೆಸರನ್ನೇ ಬರೆಯಿರಿ

ಕಾನೂನಿನಲ್ಲಿ ಈ ಪದಕ್ಕೆ ಅದರದೇ ಅರ್ಥ ಬರೆದಿಟ್ಟಿರುತ್ತಾರೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅನಿಮಲ್ ಅಂದರೆ ಮನುಷ್ಯನನ್ನು ಬಿಟ್ಟು ಯಾವುದೇ ಜೀವಿ. ನಮ್ಮ ಮೂರು ವೃತ್ತಗಳಲ್ಲಿ ನಡುವಿನದು. ಬುಟ್ಟಿಯಲ್ಲಿ ಉಸಿರುಗಟ್ಟಿಸಿ ಸಾಗಿಸುವ ಕೋಳಿಯೂ ಅದರೊಳಗೆ ಬರುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇನ್ನೂ ಬಿಡಿಸಿ ಹೇಳುತ್ತದೆ. ಸಸ್ತನಿ, ಹಕ್ಕಿ, ಸರೀಸೃಪ, ಉಭಯಚರ, ಮೀನು, ಬೆನ್ನುಮೂಳೆಯಿಲ್ಲದವು, ಅವುಗಳ ಮರಿ, ಮೊಟ್ಟೆ ಕೂಡ ಅನಿಮಲ್. ಸಸ್ತನಿ ಅಂದರೆ ಮೊಲೆಯುಣಿಸುವವು, ಸರೀಸೃಪ ಅಂದರೆ ಹಾವು ಹಲ್ಲಿಯಂಥವು, ಉಭಯಚರ ಅಂದರೆ ಕಪ್ಪೆಯಂಥವು. ಆದ್ದರಿಂದ ರಾಗಿ ಹೊಲಕ್ಕೆ ಬರುವ ನವಿಲು ಮಾತಿನಲ್ಲಿ ಹಕ್ಕಿ, ಆದರೆ ಈ ಕಾಯ್ದೆಯಲ್ಲಿ ‘ವೈಲ್ಡ್ ಅನಿಮಲ್’. ಅದೂ ಅತಿ ಹೆಚ್ಚು ರಕ್ಷಣೆ ಇರುವ ಮೊದಲ ಅನುಸೂಚಿಯಲ್ಲಿದೆ. ಅನುಸೂಚಿ ಅಂದರೆ ಕಾಯ್ದೆಯ ಕೊನೆಯಲ್ಲಿ ಸೇರಿಸಿರುವ ಪಟ್ಟಿ. ‘ಹಕ್ಕಿ ತಾನೇ, ಅನಿಮಲ್ ಅಲ್ವಲ್ಲ’ ಅಂತ ಅದರ ಮೊಟ್ಟೆ ಮುಟ್ಟಲು ಹೋಗಬೇಡಿ. ಆ ವಾದ ಅಲ್ಲಿ ನಿಲ್ಲುವುದಿಲ್ಲ.

ಈಗ ಅರ್ಜಿಯ ವಿಷಯ. ‘ಅನಿಮಲ್ ಅಟ್ಯಾಕ್’ ಅಂತ ಎರಡು ಪದ ಬರೆದರೆ ಓದುವವರಿಗೆ ಏನೂ ಗೊತ್ತಾಗುವುದಿಲ್ಲ. ಬೀದಿನಾಯಿ ಕರುವನ್ನು ಕಚ್ಚಿತಾ, ಚಿರತೆ ಹಿಡಿಯಿತಾ? ಎರಡಕ್ಕೂ ಹೋಗಬೇಕಾದ ಕಚೇರಿಯೇ ಬೇರೆ. ಹೀಗೆ ಮಾಡಿ:

ಒಂದು, ಯಾವ ಪ್ರಾಣಿ ಅಂತ ಹೆಸರಿಸಿ. ಕಣ್ಣಾರೆ ನೋಡಿಲ್ಲವೆಂದರೆ ‘ಸಸ್ಪೆಕ್ಟೆಡ್’ ಅಂತ ಸೇರಿಸಿ, ಹೆಜ್ಜೆಗುರುತು ಇದ್ದರೆ ಅದನ್ನು ‘ಪಗ್‌ಮಾರ್ಕ್’ ಅಂತ ಬರೆಯಿರಿ. ಆನೆಯ ಹೆಜ್ಜೆಗೆ ಈ ಪದ ಬೇಡ, ‘ಫುಟ್‌ಪ್ರಿಂಟ್’ ಸಾಕು.

ಎರಡು, ಹಾನಿಯಾದದ್ದು ಏನು ಅಂತ ಬಿಡಿಸಿ. ಬೆಳೆಯಾದರೆ ‘ಕ್ರಾಪ್ ಲಾಸ್’, ಜಾನುವಾರು ಸತ್ತಿದ್ದರೆ ‘ಕ್ಯಾಟಲ್ ಕಿಲ್’, ಮನುಷ್ಯರಿಗೆ ಗಾಯವಾದರೆ ‘ಹ್ಯೂಮನ್ ಇಂಜುರಿ’. ಕಾಫಿ, ಮೆಣಸು, ಬಾಳೆ, ಭತ್ತ ಅಂತ ಬೆಳೆಯ ಹೆಸರನ್ನೂ ಹಾಕಿ.

ಮೂರು, ದಿನ, ಹೊತ್ತು, ಸರ್ವೆ ನಂಬರ್ ಬರೆಯಿರಿ. ಸತ್ತ ದನವನ್ನು ಅಧಿಕಾರಿಗಳು ನೋಡಿ ಮಹಜರು ಮಾಡುವ ಮುಂಚೆ ಹೂಳಬೇಡಿ, ಜಾಗ ಬದಲಿಸಬೇಡಿ. ಫೋಟೋ ಇರಲಿ.

ಅರ್ಜಿ ಕನ್ನಡದಲ್ಲೇ ಕೊಡಬಹುದು, ಕೊಡಿ ಕೂಡ. ಈ ಇಂಗ್ಲಿಷ್ ಪದಗಳು ಬೇಕಾಗುವುದು ಆನ್‌ಲೈನ್ ಫಾರ್ಮಿನ ಕಾಲಂಗಳು ಇಂಗ್ಲಿಷಿನಲ್ಲಿ ತೆರೆದಾಗ.

ಫೋನ್ ನಂಬರಿನಲ್ಲೂ ಒಂದು ಗೊಂದಲ ಇದೆ. ಕರಾವಿನ ಹಸುವಿಗೆ ಹುಷಾರಿಲ್ಲ ಅಂದರೆ 1962, ಅದು ಸಂಚಾರಿ ಪಶುಚಿಕಿತ್ಸೆಯದ್ದು. ತೋಟಕ್ಕೆ ಆನೆ ಬಂದರೆ 1926, ಅದು ಅರಣ್ಯ ಇಲಾಖೆಯ ಸಹಾಯವಾಣಿ. ಅಂಕಿಗಳು ಅವೇ, ಜಾಗ ಅದಲುಬದಲು. ರಾತ್ರಿ ಗಾಬರಿಯಲ್ಲಿ ತಪ್ಪುವುದು ಸುಲಭ, ಅದಕ್ಕೇ ಎರಡನ್ನೂ ‘ದನ’, ‘ಆನೆ’ ಅನ್ನುವ ಹೆಸರಲ್ಲೇ ಮೊಬೈಲಿನಲ್ಲಿ ಸೇವ್ ಮಾಡಿಡಿ.

ಆಸ್ಪತ್ರೆಯಲ್ಲಿ ‘ಅನಿಮಲ್ ಬೈಟ್’ ಅಂದರೆ ಮತ್ತೆ ಬೇರೆ ಬೇಲಿ. ಅಲ್ಲಿ ಅದು ರೇಬೀಸ್ ಭಯ ಇರುವ ಕಡಿತ. ನಾಯಿ, ಬೆಕ್ಕು, ಕೋತಿಯಂಥವು. ಹಾವು ಕಚ್ಚಿದರೆ ‘ಸ್ನೇಕ್ ಬೈಟ್’ ಅಂತಲೇ ಹೇಳಿ, ಚಿಕಿತ್ಸೆ ಪೂರ್ತಿ ಬೇರೆ. ರೇಬೀಸ್ ಹರಡುವುದು ಸಸ್ತನಿಗಳಿಂದ. ನಾಯಿ, ಕೋತಿ ಕಚ್ಚಿದರೂ ಪರಚಿದರೂ ಮೊದಲು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ, ಆಮೇಲೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಕಾಫಿ ಪುಡಿ ಮೆತ್ತಬೇಡಿ.

ಹಂತ 6: ಪೊಟ್ಟಣದ ಮೇಲೆ ಓದುವಾಗ

ಸಸ್ಯಾಹಾರಿ ಓದುಗರು ಇದನ್ನು ತುಂಬಾ ಕೇಳುತ್ತಾರೆ. ಆಹಾರದ ನಿಯಮದಲ್ಲಿ ‘ಅನಿಮಲ್’ ಅಂದರೆ ಹಕ್ಕಿ, ಕೀಟ, ಮೀನು ಎಲ್ಲ ಸೇರಿತು. ಮೊಟ್ಟೆ ಇದ್ದರೂ ಮಾಂಸಾಹಾರದ ಗುರುತು ಬೀಳುತ್ತದೆ. ಆದರೆ ಹಾಲು, ಹಾಲಿನ ಪದಾರ್ಥ, ಜೇನು ಇವನ್ನು ನಿಯಮವೇ ಹೊರಗಿಟ್ಟಿದೆ. ಅವು ಪ್ರಾಣಿಯಿಂದ ಬಂದರೂ ಹಸಿರು ಗುರುತೇ ಇರುತ್ತದೆ. ‘ವೀಗನ್’ ಅಂತ ಬರೆದಿದ್ದರೆ ಮಾತ್ರ ಹಾಲು, ಜೇನು ಕೂಡ ಇಲ್ಲ ಅಂತ ಅರ್ಥ.

ಹಸಿರು ಚುಕ್ಕೆ ಸಸ್ಯಾಹಾರ, ಕಂದು ತ್ರಿಕೋನ ಮಾಂಸಾಹಾರ. ಸಾಮಗ್ರಿ ಪಟ್ಟಿಯಲ್ಲಿ ‘ಜೆಲಟಿನ್’ ಅಂದರೆ ಪ್ರಾಣಿಯ ಚರ್ಮ, ಮೂಳೆಯಿಂದ ತೆಗೆದದ್ದು. ‘ಕಾರ್ಮೈನ್’ ಅಥವಾ 120 ಸಂಖ್ಯೆಯ ಬಣ್ಣ ಅಂದರೆ ಒಂದು ಪುಟ್ಟ ಕೀಟದಿಂದ ತೆಗೆದ ಕೆಂಪು. ಕೀಟ ಅನಿಮಲ್ ಹೌದಾ ಅನ್ನುವ ಶಾಲೆಯ ಪ್ರಶ್ನೆ ಇಲ್ಲಿ ಅಡುಗೆಮನೆಗೇ ಬಂತು ಅಲ್ವಾ?

ಹಂತ 7: ವಾಕ್ಯದಲ್ಲಿ ಇಡುವ ಕ್ರಮ

ಇದನ್ನು ಬೇಗ ಮುಗಿಸೋಣ. ಪದ ಸ್ವರದಿಂದ ಶುರುವಾಗುವುದರಿಂದ ‘ಆನ್ ಅನಿಮಲ್’. ನಡುವೆ ‘ವೈಲ್ಡ್’ ಬಂದರೆ ‘ಎ ವೈಲ್ಡ್ ಅನಿಮಲ್’. ಒತ್ತು ಮೊದಲ ಅಕ್ಷರದ ಮೇಲೆ, ಅದೂ ‘ಬ್ಯಾಂಕ್’ನಲ್ಲಿ ಬರುವ ಸ್ವರ.

ಇನ್ನೊಂದು ಪದದ ಮುಂದೆ ಬಂದಾಗ ಬಹುವಚನ ಬೇಡ. ‘ಅನಿಮಲ್ ಫೀಡ್’ ಸರಿ, ‘ಅನಿಮಲ್ಸ್ ಫೀಡ್’ ತಪ್ಪು.

‘ಕ್ಯಾಟಲ್’ ಯಾವಾಗಲೂ ಬಹುವಚನ. ‘ದಿ ಕ್ಯಾಟಲ್ ಆರ್ ಗ್ರೇಜಿಂಗ್’. ‘ಎ ಕ್ಯಾಟಲ್’, ‘ಕ್ಯಾಟಲ್ಸ್’ ಎರಡೂ ಇಲ್ಲ. ಎಣಿಸಬೇಕೆಂದರೆ ‘ಟೆನ್ ಹೆಡ್ ಆಫ್ ಕ್ಯಾಟಲ್’. ‘ವೈಲ್ಡ್‌ಲೈಫ್’ಗೆ ‘ಎಸ್’ ಸೇರಿಸಬೇಡಿ. ‘ಶೀಪ್’, ‘ಡಿಯರ್’ ಒಂದಿದ್ದರೂ ನೂರಿದ್ದರೂ ಹಾಗೇ.

‘ಇಟ್’ ಹಾಕಬೇಕೋ ‘ಹೀ, ಶೀ’ ಹಾಕಬೇಕೋ? ಗುರುತಿಲ್ಲದ ಪ್ರಾಣಿಗೆ ‘ಇಟ್’. ಹೆಸರಿದ್ದರೆ, ಗಂಡು ಹೆಣ್ಣು ಗೊತ್ತಿದ್ದರೆ ‘ಹೀ, ಶೀ’ ಮತ್ತು ‘ಹೂ’. ಎಂಟು ಸಲ ಅಂಬಾರಿ ಹೊತ್ತ ದಸರಾ ಆನೆ ಅರ್ಜುನ 2023ರ ಡಿಸೆಂಬರಿನಲ್ಲಿ ಸಕಲೇಶಪುರ ತಾಲ್ಲೂಕಿನ ಯಸಳೂರು ಭಾಗದಲ್ಲಿ ಕಾಡಾನೆ ಕಾರ್ಯಾಚರಣೆಯ ವೇಳೆ ಸತ್ತ. ಅವನ ಬಗ್ಗೆ ಬರೆಯುವಾಗ ‘ಇಟ್’ ಹಾಕಿದರೆ ವ್ಯಾಕರಣ ತಪ್ಪಲ್ಲ. ಓದುವವರಿಗೆ ಮಾತ್ರ ಚುಚ್ಚುತ್ತದೆ. ಕನ್ನಡದಲ್ಲಿ ನಾವು ‘ಸತ್ತಿತು’ ಅನ್ನಲು ಹಿಂದೆಮುಂದೆ ನೋಡಿದ್ದೂ ಅದಕ್ಕೇ.

ಹಂತ 8: ಮನುಷ್ಯರಿಗೆ ಹೇಳುವ ಮುಂಚೆ ಯೋಚಿಸಿ

‘ಮ್ಯಾನ್ ಈಸ್ ಎ ಸೋಶಿಯಲ್ ಅನಿಮಲ್’ ಬೈಗುಳವಲ್ಲ. ಮೂಲ ವಿಚಾರ ಅರಿಸ್ಟಾಟಲನದು. ಕನ್ನಡಕ್ಕೆ ತರುವಾಗ ‘ಸಾಮಾಜಿಕ ಪ್ರಾಣಿ’ ಅನ್ನುವುದಕ್ಕಿಂತ ‘ಸಂಘಜೀವಿ’ ಚೆನ್ನಾಗಿ ಕೂರುತ್ತದೆ. ‘ಪಾರ್ಟಿ ಅನಿಮಲ್’ ಅಂದರೆ ಪಾರ್ಟಿ ಅಂದರೆ ಬಿಡದವನು. ಸ್ನೇಹಿತರ ನಡುವೆ ನಡೆಯುತ್ತದೆ, ಮದುವೆ ಮಾತುಕತೆಯಲ್ಲಿ ಹುಡುಗನ ಬಗ್ಗೆ ಹೇಳಬೇಡಿ.

ಯಾರಿಗಾದರೂ ನೇರವಾಗಿ ‘ಯೂ ಅನಿಮಲ್’ ಅಂದರೆ ಅದು ಗಟ್ಟಿ ಬೈಗುಳ. ಕ್ರೂರಿ, ಮಾನಗೆಟ್ಟವನು ಅನ್ನುವ ಅರ್ಥ. ಆದರೆ ಜಿಮ್ಮಿನಲ್ಲಿ, ಕಬಡ್ಡಿ ಅಂಗಳದಲ್ಲಿ ಹುಡುಗರು ‘ಬೀಸ್ಟ್’ ಅಂದರೆ ಹೊಗಳಿಕೆ. ‘ಕ್ರೀಚರ್’ ಮೆತ್ತಗಿನ ಪದ. ‘ಪೂರ್ ಕ್ರೀಚರ್’ ಅಂದರೆ ‘ಪಾಪದ್ದು’ ಅಂದ ಹಾಗೆ. ಮಳೆಯಲ್ಲಿ ನೆಂದ ನಾಯಿಮರಿಗೂ ಹೇಳಬಹುದು, ಮನುಷ್ಯರಿಗೂ ಹೇಳಬಹುದು.

‘ಎ ಡಿಫರೆಂಟ್ ಅನಿಮಲ್’ ಅಂದರೆ ಅದರ ಕಥೆಯೇ ಬೇರೆ ಅಂತ. ಅರೇಬಿಕಾ ಬೆಳೆದವರು ರೊಬಸ್ಟಾ ಬಗ್ಗೆ ಹಾಗನ್ನಬಹುದು. ಷೇರು ಪೇಟೆಯ ಸುದ್ದಿಯಲ್ಲಿ ‘ಅನಿಮಲ್ ಸ್ಪಿರಿಟ್ಸ್’ ಕಂಡರೆ, ಅದು ಅರ್ಥಶಾಸ್ತ್ರಜ್ಞ ಕೇನ್ಸ್ 1936ರಲ್ಲಿ ಬಳಸಿ ಹೆಸರಾದ ಮಾತು. ಲೆಕ್ಕಾಚಾರಕ್ಕಿಂತ ಹುಮ್ಮಸ್ಸಿನ ಮೇಲೆ ಜನ ದುಡ್ಡು ಹೂಡುವುದಕ್ಕೆ ಹಾಗನ್ನುತ್ತಾರೆ. ಕಾಫಿ ರೇಟು ಏರಿದ ವರ್ಷ ಇದ್ದಬದ್ದ ಜಾಗಕ್ಕೆಲ್ಲ ಗಿಡ ನೆಡುತ್ತಾರಲ್ಲ, ಅದಕ್ಕೂ ಈ ಪದವನ್ನು ಧೈರ್ಯವಾಗಿ ಬಳಸಬಹುದು.